ಲೈಬ್ರರಿಗೆ ಹೊಸ ಪುಸ್ತಕ ಬಂದಿದೆ, ಹಾಸನದೋರು ಯಾರ್ಯಾರು ನೋಡಿದ್ರಿ?

ಹಾಸನದ_ಹಳಬ:
ನಮ್ಮ ಬಡಾವಣೆ ಲೈಬ್ರರಿಗೆ ಹೊಸ ಪುಸ್ತಕ ಬಂದಿವೆ ಕಣ್ರಪ್ಪ. ಪೇಪರ್ ಓದೋಣ ಅಂತ ಹೋದ್ರೆ ಕೌಂಟರ್ ಹಿಂದೆ ದಾರ ಕಟ್ಟಿರೋ ಬಂಡಲ್ಲುಗಳು, ಅರ್ಧ ಬಿಚ್ಚಿದಾರೆ ಅರ್ಧ ಹಂಗೇ ಕೂತಿವೆ. ಬಿಚ್ಚಿರೋದ್ರಲ್ಲಿ ಕಣ್ಣಿಗೆ ಬಿದ್ದಿದ್ದು ಹೇಳ್ತೀನಿ, ಕವನ ಸಂಕಲನ ಜಾಸ್ತಿ (ಅದು ಯಾವಾಗ್ಲೂ ಜಾಸ್ತಿನೇ ಬಿಡಿ), ಕಥೆ ಕಾದಂಬರಿ ಒಂದಷ್ಟು, ವಚನದ ಮೇಲೆ ದಪ್ಪ ದಪ್ಪದ್ದು, ಪಿಎಚ್‌ಡಿ ಥೀಸಿಸ್‌ನೇ ಪುಸ್ತಕ ಮಾಡಿರೋವು, ಕಾಫಿ ಮೆಣಸು ಕೃಷಿದು ಒಂದು, ಮಕ್ಕಳದ್ದು ತೆಳ್ಳಗಿರೋವು ಸ್ವಲ್ಪ. ಒಂದು ಕಾದಂಬರಿ ಎತ್ಕೊಂಡು ಮನೆಗೆ ತಗೊಂಡು ಹೋಗ್ಲಾ ಅಂದ್ರೆ ಇನ್ನೂ ನಂಬರ್ ಹಾಕಿಲ್ಲ ಆಮೇಲೆ ಬನ್ನಿ ಅಂದ್ರು. ಆಮೇಲೆ ಅಂದ್ರೆ ಯಾವಾಗ? ಜೊತೆಗೆ ಹಿಂದೆ ತಿರುಗಿಸಿ ನೋಡಿದ್ರೆ ಮೊದಲ ಮುದ್ರಣ ಆಗಿ ಆಗ್ಲೇ ನಾಲ್ಕು ವರ್ಷ ಆಗೋಗಿದೆ. ಇದೇನ್ ಕಥೆ, ಗೊತ್ತಿರೋರು ಹೇಳಿ.

ಎಫ್‌ಡಿಎ_ಆಸೆ:
ಅಣ್ಣಾ ಸ್ಪರ್ಧಾತ್ಮಕ ಪರೀಕ್ಷೆದು ಏನಾದ್ರೂ ಬಂದಿದ್ಯಾ ಅದನ್ನ ಹೇಳಿ ಮೊದ್ಲು. ದಿನಾ ಬೆಳಿಗ್ಗೆ ಬಾಗ್ಲು ತೆಗಿಯೋ ಟೈಮ್‌ಗೆ ಬಂದು ಕೂರೋರು ನಾವು, ಕವನ ಸಂಕಲನ ತಗೊಂಡು ಏನ್ ಮಾಡಾಣ

ಹಾಸನದ_ಹಳಬ:
ನಾನು ನೋಡಿದ ಬಂಡಲ್‌ನಲ್ಲಿ ಇರ್ಲಿಲ್ಲಪ್ಪ. ಬಿಚ್ಚದೇ ಇರೋದ್ರಲ್ಲಿ ಇರಬಹುದು.

ರಿಟೈರ್ಡ್_ಗ್ರಂಥಪಾಲಕ:
ಗ್ರಂಥಾಲಯ ಇಲಾಖೆಯಲ್ಲೇ ತಲೆ ನರೆಸ್ಕೊಂಡೋನು ನಾನು, ಹೇಳ್ತೀನಿ ಕೇಳಿ. ಬಂಡಲ್ ಬಂದ ತಕ್ಷಣ ಓದುಗರ ಕೈಗೆ ಕೊಡಕ್ಕಾಗಲ್ಲ. ಮೊದಲು ಬಿಲ್ಲು ಪಟ್ಟಿ ಹಿಡ್ಕೊಂಡು ಒಂದೊಂದೇ ತಾಳೆ ನೋಡಬೇಕು, ಪುಟ ಹಿಂದುಮುಂದಾಗಿರೋದು, ಖಾಲಿ ಫಾರಂ (ಒಟ್ಟಿಗೆ ಅಚ್ಚಾಗಿ ಮಡಚಿರೋ ಪುಟಗಳ ಕಂತೆ) ಸೇರ್ಕೊಂಡಿರೋದು ಇದ್ರೆ ವಾಪಸ್ ಕಳಿಸ್ಬೇಕು. ಆಮೇಲೆ ಪರಿಗ್ರಹಣ ರಿಜಿಸ್ಟರ್‌ನಲ್ಲಿ, ಅಂದ್ರೆ ಬಂದ ಪುಸ್ತಕ ದಾಖಲಿಸೋ ದಫ್ತರದಲ್ಲಿ ಎಂಟ್ರಿ, ಪ್ರತಿ ಕಾಪಿಗೂ ಅದರದ್ದೇ ನಂಬರು, ಒಂದೇ ಪುಸ್ತಕ ಎರಡು ಕಾಪಿ ಬಂದ್ರೂ ಎರಡು ನಂಬರು. ಮುದ್ರೆ ಶೀರ್ಷಿಕೆ ಪುಟಕ್ಕೆ, ಕೊನೆ ಪುಟಕ್ಕೆ, ಮತ್ತೆ ಒಳಗಡೆ ಯಾವುದಾದ್ರೂ ಒಂದು ಗುಟ್ಟಿನ ಪುಟಕ್ಕೆ, ಅದು ಯಾವ ಪುಟ ಅಂತ ಹೇಳಲ್ಲ, ಮೊದಲ ಹಾಳೆ ಹರಿದು ತಮ್ಮದು ಅಂತ ಸಾಧಿಸೋ ಮಹಾನುಭಾವರು ಎಲ್ಲಾ ಊರಲ್ಲೂ ಇದಾರೆ. ಆಮೇಲೆ ವರ್ಗೀಕರಣ, ವಿಷಯಕ್ಕೊಂದು ನಂಬರ್ ಕೊಡೋ ಡ್ಯೂಯಿ ಪದ್ಧತಿ ಇರೋ ಕಡೆ ಕನ್ನಡ ಸಾಹಿತ್ಯ ಅಂದ್ರೆ 894.814, ಅದರ ಮುಂದೆ ಕಾವ್ಯವೋ ನಾಟಕವೋ ಕಾದಂಬರಿಯೋ ನೋಡಿ ಇನ್ನೊಂದು ಅಂಕಿ, ಕೆಳಗೆ ಲೇಖಕರ ಹೆಸರಿನ ಅಕ್ಷರ. ಬೆನ್ನಿಗೆ ಲೇಬಲ್, ಒಳಗೆ ದಿನಾಂಕದ ಚೀಟಿ. ಇಷ್ಟನ್ನೂ ಮಾಡೋದು ಒಬ್ಬರೇ, ಅವರೇ ಪೇಪರ್ ಜೋಡಿಸ್ಬೇಕು, ಅವರೇ ಕೌಂಟರ್‌ನಲ್ಲಿ ಕೂರಬೇಕು. ಹಾಗಾಗಿ ಎರಡು ಮೂರು ವಾರ ತಡ ಆದ್ರೆ ಬೈಬೇಡಿ. ಆರು ತಿಂಗಳಾದ್ರೂ ಬಂಡಲ್ ಬಿಚ್ಚಿಲ್ಲ ಅಂದ್ರೆ ಮಾತ್ರ ಬೈರಿ, ನಾನೂ ಬರ್ತೀನಿ.

ಪೆನ್ಷನ್_ಮೊಹಲ್ಲಾ:
ಬಿಚ್ಚಿ ನಂಬರ್ ಹಾಕಿದ್ಮೇಲೂ ಏನ್ ಮಾಡ್ತಾರೆ ಗೊತ್ತಾ, ಗಾಜಿನ ಬೀರುನಲ್ಲಿ ಇಟ್ಟು ಬೀಗ. ಹಾಸನಾಂಬೆ ಬಾಗ್ಲು ತೆಗ್ದಂಗೆ ವರ್ಷಕ್ಕೊಂದು ಸಲ ದರ್ಶನ. ನಾನು ಯಾವ ಲೈಬ್ರರಿ ಅಂತ ಹೇಳಲ್ಲ, ಜಗಳ ಬೇಡ

ರಿಟೈರ್ಡ್_ಗ್ರಂಥಪಾಲಕ:
ನಿಜ, ಅದು ನಮ್ಮೋರ ಕೆಟ್ಟ ಚಾಳಿ. ಅದಕ್ಕೂ ಒಂದು ಕಾರಣ ಇದೆ, ಪುಸ್ತಕ ಕಳೆದ್ರೆ ಸ್ಟಾಕ್ ವೆರಿಫಿಕೇಶನ್‌ನಲ್ಲಿ ಸಿಬ್ಬಂದಿ ತಲೆಗೇ ಬರುತ್ತೆ, ಅದಕ್ಕೇ ಕೊಡೋದಕ್ಕಿಂತ ಕಾಯೋದೇ ಕೆಲಸ ಅಂದ್ಕೊಂಡುಬಿಡ್ತಾರೆ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲೇ ಐದು ಸೂತ್ರ ಬರೆದಿಟ್ರು, ಮೊದಲನೇದೇ ಪುಸ್ತಕ ಇರೋದು ಬಳಕೆಗೆ ಅನ್ನೋದು. ಟ್ರೈನಿಂಗ್‌ನಲ್ಲಿ ಎಲ್ರೂ ಬಾಯಿಪಾಠ ಮಾಡಿದ್ವಿ.

ಅಚ್ಚಿನಮನೆ:
ನಾನು ಸಣ್ಣ ಪ್ರಕಾಶಕ, ನಾಲ್ಕು ವರ್ಷದ ಪುಸ್ತಕ ಯಾಕೆ ಈಗ ಬಂತು ಅನ್ನೋದಕ್ಕೆ ನಾನು ಉತ್ತರ ಕೊಡ್ತೀನಿ. ಸಾರ್ವಜನಿಕ ಗ್ರಂಥಾಲಯ ಇಲಾಖೆಯಲ್ಲಿ ಏಕಗವಾಕ್ಷಿ ಯೋಜನೆ ಅಂತ ಇದೆ. ಆ ವರ್ಷ ಮೊದಲ ಸಲ ಅಚ್ಚಾದ ಪುಸ್ತಕನ ನಾವು ಅರ್ಜಿ ಜೊತೆ ಕೊಡ್ತೀವಿ, ಆಯ್ಕೆ ಸಮಿತಿ ಕೂತು ನೋಡುತ್ತೆ, ಆಯ್ಕೆ ಆದ್ರೆ 300 ಕಾಪಿ ತಗೋತಾರೆ. ಕೇಳಕ್ಕೆ ಚೆನ್ನಾಗಿದೆ ಅಲ್ವಾ, ಈಗ ಸಮಿತಿ ರಚನೆ ಆಗೋದು ತಡ, ಆಯ್ಕೆ ಪಟ್ಟಿ ತಡ, ಆಕ್ಷೇಪಣೆ ಬಂದ್ರೆ ಇನ್ನೂ ತಡ, ಆಮೇಲೆ ದುಡ್ಡು ಬಿಡುಗಡೆ ಆಗ್ಬೇಕು, ಕೋವಿಡ್ ಟೈಮ್‌ನಲ್ಲಂತೂ ಕೇಳಲೇಬೇಡಿ, ಅಷ್ಟರಲ್ಲಿ ಬರೆದೋರು ಮುಂದಿನ ಎರಡು ಪುಸ್ತಕ ಬರೆದಿರ್ತಾರೆ. ರೇಟೂ ನಾವು ಹಾಕಿದ ಬೆಲೆ ಅಲ್ಲ, ಪುಟಕ್ಕೆ ಇಷ್ಟು ಅಂತ ಅವರ ಲೆಕ್ಕ, ಪೇಪರ್ ರೇಟ್ ಏರಿದಷ್ಟು ಸ್ಪೀಡಾಗಿ ಅದು ಏರಲ್ಲ. ಆದ್ರೂ ನಾವೆಲ್ಲಾ ಅದಕ್ಕೇ ಕಾಯ್ಕೊಂಡು ಕೂರ್ತೀವಿ, ಯಾಕಂದ್ರೆ ಕನ್ನಡದಲ್ಲಿ ಈಗ ಒಂದು ಕಥಾಸಂಕಲನ 500 ಕಾಪಿ ಹಾಕೋದೇ ಧೈರ್ಯ, ಅದರಲ್ಲಿ 300 ಒಂದೇ ಕಡೆ ಹೋಗುತ್ತೆ ಅಂದ್ರೆ ಅಚ್ಚಿನ ಖರ್ಚು ಬಂದಂಗೆ.

ಎಫ್‌ಡಿಎ_ಆಸೆ:
ಅಂದ್ರೆ ಓದೋರು ಕೇಳಿದ್ದಕ್ಕೆ ತಗೊಳೋದಲ್ಲ, ಪ್ರಕಾಶಕರು ಕೊಟ್ಟಿದ್ದಕ್ಕೆ ತಗೊಳೋದು. ಅದಕ್ಕೇ ಮುಟ್ಟದೇ ಇರೋ ಪುಸ್ತಕ ಸಾಲು ಸಾಲು ಇರೋದು

ಅಚ್ಚಿನಮನೆ:
ಸ್ವಲ್ಪ ಹೌದು ತಮ್ಮಾ, ಪೂರ್ತಿ ಹೌದು ಅನ್ನಲ್ಲ. ಈ ಯೋಜನೆ ಇಲ್ದಿದ್ರೆ ಹೊಸಬರ ಪುಸ್ತಕ ಅಚ್ಚೇ ಆಗಲ್ಲ. ಇದನ್ನೇ ನಂಬ್ಕೊಂಡು ಓದುಗ ಬೇಕಿಲ್ಲ ಅಂತ ಪುಸ್ತಕ ಮಾಡೋರೂ ಇದಾರೆ, ಹೆಸರು ಬೇಡ. ಇನ್ನೊಂದು ವಿಷ್ಯ, ಆ 300 ಕಾಪಿ ಇಡೀ ರಾಜ್ಯಕ್ಕೆ. ಜಿಲ್ಲಾ ಕೇಂದ್ರ ಗ್ರಂಥಾಲಯ, ನಗರ ಗ್ರಂಥಾಲಯ, ಶಾಖೆಗಳು ಅಂತ ಹಂಚಿದ್ರೆ ಬಡಾವಣೆ ಶಾಖೆಗೆ ಒಂದೇ ಒಂದು ಸಿಕ್ಕಿದ್ರೂ ಪುಣ್ಯ. ಹಾಸನದ ಹಳಬರೇ ನೀವು ನೋಡಿದ ಕಾದಂಬರಿ ಆ ಒಂದೇ ಕಾಪಿ, ನಂಬರ್ ಬಿದ್ದ ದಿನ ಹೋಗಿ ಹಿಡ್ಕೊಳಿ.

ಕಟ್ಟಿನಕೆರೆ_ಮಾರ್ಕೆಟ್:
ದುಡ್ಡು ಯಾರ್ದು ಇದೆಲ್ಲಾ? ಸರ್ಕಾರದ್ದಾ

ರಿಟೈರ್ಡ್_ಗ್ರಂಥಪಾಲಕ:
ನಿಮ್ದೇ. ಮನೆ ಕಂದಾಯ ಕಟ್ಟಿದ ರಸೀದಿ ತೆಗೆದು ನೋಡಿ, ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಕಾರ ವಸೂಲಿ ಮಾಡೋದು, ಈಗ ಆಸ್ತಿ ತೆರಿಗೆ ಮೇಲೆ ನೂರಕ್ಕೆ 6. ಕಂದಾಯ 3000 ಅಂದ್ರೆ ಲೈಬ್ರರಿಗೆ ಅಂತ 180 ರೂಪಾಯಿ ನೀವು ಕಟ್ಟಿದೀರ. ಬಾಡಿಗೆ ಮನೇಲಿರೋರೂ ಬಾಡಿಗೆ ರೂಪದಲ್ಲಿ ಕಟ್ತಾನೇ ಇದೀರ. ವಸೂಲಿ ಮಾಡೋದು ಸ್ಥಳೀಯ ಸಂಸ್ಥೆ, ಅವರು ಲೈಬ್ರರಿ ಪ್ರಾಧಿಕಾರಕ್ಕೆ ದಾಟಿಸಬೇಕು. ಅದು ಎಷ್ಟು ಬೇಗ ದಾಟುತ್ತೆ ಅನ್ನೋದರ ಮೇಲೆ ನಿಮ್ಮೂರ ಲೈಬ್ರರಿ ಗತಿ ನಿಂತಿರೋದು. ಇದಲ್ದೆ ಕೋಲ್ಕತ್ತಾದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದಿಂದಲೂ (1972ರಲ್ಲಿ ಶುರುವಾಗಿದ್ದು) ಪುಸ್ತಕಕ್ಕೆ, ಕಪಾಟಿಗೆ ನೆರವು ಬರುತ್ತೆ, ಹಳೇ ಪುಸ್ತಕದಲ್ಲಿ ಅದರ ಸೀಲ್ ನೋಡಿರ್ತೀರ.

ಕಟ್ಟಿನಕೆರೆ_ಮಾರ್ಕೆಟ್:
ಇಷ್ಟು ವರ್ಷ ಕಂದಾಯ ಕಟ್ಟಿದೀನಿ ಆ ಸಾಲು ನೋಡೇ ಇಲ್ವಲ್ರಿ. ನಾಳೆನೇ ಮೆಂಬರ್ ಆಗ್ತೀನಿ, ಕೊಟ್ಟ ದುಡ್ಡು ವಸೂಲ್ ಮಾಡ್ಬೇಕು

ಎರಡ್ಮಕ್ಳಮ್ಮ:
ಮಕ್ಕಳ ಪುಸ್ತಕದ ಬಗ್ಗೆ ಯಾರೂ ಮಾತಾಡ್ತಿಲ್ಲ. ದೊಡ್ಡೋಳು ಆರನೇ ಕ್ಲಾಸು, ಚಿಕ್ಕೋನು ಒಂದನೇ ಕ್ಲಾಸು. ಮಕ್ಕಳ ವಿಭಾಗ ಅಂತ ಬೋರ್ಡ್ ಇರುತ್ತೆ, ಒಳಗೆ ಹೋದ್ರೆ ನೀತಿಕಥೆ, ಮಹಾಪುರುಷರ ಜೀವನ ಚರಿತ್ರೆ, ಮತ್ತೆ ನೀತಿಕಥೆ. ಅಕ್ಷರ ಇಷ್ಟಿಷ್ಟು ಸಣ್ಣದು, ಚಿತ್ರ ಕಪ್ಪು ಬಿಳುಪು, ಚಿಕ್ಕೋನು ಎರಡು ಪುಟ ತಿರುಗಿಸಿ ಮಮ್ಮಿ ಮೊಬೈಲ್ ಕೊಡು ಅಂತಾನೆ. ಬಣ್ಣದ ಚಿತ್ರ ದೊಡ್ಡಕ್ಷರ ಇರೋದು ಬೇಕು ರೀ, ಪ್ರಥಮ್ ಬುಕ್ಸ್‌ದು, ನ್ಯಾಷನಲ್ ಬುಕ್ ಟ್ರಸ್ಟ್‌ದು ಆ ಥರದ್ದು, ಅವು ಇಂಗ್ಲಿಷ್ ಮೀಡಿಯಂ ಪುಸ್ತಕಕ್ಕೆ ಹೋಲಿಸಿದ್ರೆ ರೇಟೂ ಏನ್ ಜಾಸ್ತಿ ಇಲ್ಲ. ಈಗ ಬಂದಿರೋ ತೆಳ್ಳಗಿನ ಪುಸ್ತಕಗಳು ಅಂಥವಾ ಅಥವಾ ಮತ್ತೆ ಅದೇ ನರಿ ದ್ರಾಕ್ಷಿನಾ, ಹಳಬರು ನೋಡಿ ಹೇಳ್ತೀರಾ?

ಹಾಸನದ_ಹಳಬ:
ಮೇಡಂ ಎರಡೂ ಇತ್ತು. ಹಕ್ಕಿಗಳ ಬಗ್ಗೆ ಬಣ್ಣದ್ದು ಒಂದು ಇತ್ತು ಚೆನ್ನಾಗಿತ್ತು, ನಾನೇ ನಿಂತ್ಕೊಂಡು ಓದಿ ಮುಗಿಸ್ಬಿಟ್ಟೆ.

ಅರಿವು_ಕೇಂದ್ರದ_ಅಕ್ಕ:
ನಾನು ಹಾಸನ ಜಿಲ್ಲೆದೇ ಒಂದು ಹಳ್ಳಿಲಿ ಗ್ರಾಮ ಪಂಚಾಯ್ತಿ ಲೈಬ್ರರಿ ನೋಡ್ಕೊಳೋದು. ನಿಮಗೆ ಗೊತ್ತೋ ಇಲ್ವೋ ಹಳ್ಳಿ ಲೈಬ್ರರಿಗಳು ಈಗ ಗ್ರಂಥಾಲಯ ಇಲಾಖೆ ಕೈಲಿಲ್ಲ, 2019ರಲ್ಲಿ ಗ್ರಾಮೀಣಾಭಿವೃದ್ಧಿ ಪಂಚಾಯತ್ ರಾಜ್ ಇಲಾಖೆಗೆ ಬಂದ್ವು, ಹೆಸ್ರೂ ಅರಿವು ಕೇಂದ್ರ ಅಂತ ಆಯ್ತು. ರಾಜ್ಯದಲ್ಲಿ 5600ಕ್ಕೂ ಜಾಸ್ತಿ ಇದಾವೆ. 2020ರ ನವೆಂಬರ್‌ನಲ್ಲಿ ಓದುವ ಬೆಳಕು ಅಂತ ಶುರು ಮಾಡಿದಾಗ ಸ್ಕೂಲ್ ಮಕ್ಳಿಗೆಲ್ಲಾ ಫ್ರೀ ಮೆಂಬರ್‌ಶಿಪ್ ಆಯ್ತು, ಸ್ಕೂಲ್ ಬೇರೆ ಮುಚ್ಚಿತ್ತು ಕೊರೊನಾ ಟೈಮು, ಮಕ್ಳು ಬಂದಿದ್ದೇ ಬಂದಿದ್ದು. ನಮ್ಮಲ್ಲಿ ಆದ ಅನುಭವ ಹೇಳ್ತೀನಿ ಅಕ್ಕ, ಮಕ್ಕಳ ಪುಸ್ತಕ ಕಪಾಟಿನಲ್ಲಿ ಬೆನ್ನು ತೋರಿಸ್ಕೊಂಡು ನಿಲ್ಲಿಸಿದ್ರೆ ಯಾರೂ ಮುಟ್ಟಲ್ಲ, ತೆಳ್ಳಗಿರೋದ್ರಿಂದ ಬೆನ್ನಲ್ಲಿ ಹೆಸ್ರೂ ಕಾಣಲ್ಲ. ಹಗ್ಗ ಕಟ್ಟಿ ಬಟ್ಟೆ ಕ್ಲಿಪ್ ಹಾಕಿ ಮುಖಪುಟ ಕಾಣೋ ಹಂಗೆ ತೂಗುಹಾಕಿದೀವಿ, ಈಗ ಅದಕ್ಕೇ ಜಗಳ. ಹರಿಯುತ್ತೆ, ಹರಿಯೋಕೇ ಇರೋದು, ಸೆಲ್ಲೋಟೇಪ್ ಹಚ್ತೀನಿ.

ರಿಟೈರ್ಡ್_ಗ್ರಂಥಪಾಲಕ:
ಶಭಾಷ್. ಸೆಲ್ಲೋಟೇಪ್ ಮಾತ್ರ ಬೇಡಮ್ಮ, ಒಂದೆರಡು ವರ್ಷಕ್ಕೆ ಹಳದಿ ಆಗಿ ಅಂಟು ಪಕ್ಕದ ಪುಟಕ್ಕೆ ಹಿಡ್ಕೊಳುತ್ತೆ. ತೆಳು ಕಾಗದದ ಪಟ್ಟಿಗೆ ಮೈದಾ ಅಂಟು, ಅದಕ್ಕೆ ಚೂರು ಮೈಲುತುತ್ತ ಹಾಕಿ ಕಾಯಿಸ್ಕೊಳಿ, ಹುಳ ಬರಲ್ಲ. ಮೈಲುತುತ್ತ ವಿಷ, ಮಕ್ಕಳ ಕೈಗೆ ಸಿಗದಂಗೆ ಇಡಿ.

ಸಕಲೇಶಪುರ_ಮಳೆ:
ನಮ್ಮ ಕಡೆ ಪುಸ್ತಕಕ್ಕೆ ಹುಳಕ್ಕಿಂತ ದೊಡ್ಡ ಶತ್ರು ಬೂಸ್ಟು. ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆನೇ ಒಣಗಲ್ಲ ಇನ್ನು ಪುಸ್ತಕ ಎಲ್ಲಿ, ಕಬ್ಬಿಣದ ಬೀರುನಲ್ಲಿ ಇಟ್ಟರಂತೂ ಒಳಗೇ ಬೆವರಿ ಹಾಳಾಗುತ್ತೆ. ಗೋಡೆಗೆ ಒತ್ತಿ ಕಪಾಟು ಇಡಬಾರ್ದು, ಒಂದು ಗೇಣು ಬಿಟ್ಟು ಇಡಬೇಕು ಗಾಳಿ ಆಡ್ಲಿ ಅಂತ, ನಮ್ಮನೇಲಿ ಬಜೆ ಬೇರು ಬೇವಿನ ಸೊಪ್ಪು ಒಣಗಿಸಿ ಬಟ್ಟೇಲಿ ಕಟ್ಟಿ ಇಡ್ತೀವಿ. ಮತ್ತೆ ಈ ಹೊಸ ಪುಸ್ತಕಗಳ ಬೈಂಡಿಂಗ್ ಬಗ್ಗೆ ಅಚ್ಚಿನಮನೆಯೋರು ಏನಾದ್ರೂ ಹೇಳಿ ಸ್ವಾಮಿ, ಬರೀ ಗಮ್ ಹಾಕಿ ಅಂಟಿಸಿರ್ತೀರ, ಮಳೆಗಾಲ ಒಂದು ಕಳೆದ್ರೆ ಪುಟ ಎಲೆ ಉದುರಿದಂಗೆ ಉದುರುತ್ತೆ. ಹಳೇ ಪುಸ್ತಕ ನೋಡಿ, ಫಾರಂ ಫಾರಂ ದಾರದಲ್ಲಿ ಹೊಲಿದಿರೋರು, ಹೊದಿಕೆ ಕಿತ್ತು ಬಂದ್ರೂ ಒಳಗೆ ಗಟ್ಟಿ.

ಅಚ್ಚಿನಮನೆ:
ಒಪ್ತೀನಿ ಸ್ವಾಮಿ. ಹೊಲಿಗೆ ಬೈಂಡಿಂಗ್ ಮಾಡಿದ್ರೆ ಖರ್ಚು ಜಾಸ್ತಿ, ಪುಟದ ಲೆಕ್ಕದಲ್ಲಿ ರೇಟ್ ಕೊಡುವಾಗ ಬೈಂಡಿಂಗ್ ಯಾರೂ ಕೇಳಲ್ಲ. ಕೇಳಿದ್ರೆ ಮಾಡ್ತೀವಿ, ಲೈಬ್ರರಿ ಎಡಿಷನ್ ಅಂತಾನೇ ಬೇರೆ ಮಾಡಬಹುದು, ಕೈಯಿಂದ ಕೈಗೆ ಹೋಗೋ ಪುಸ್ತಕಕ್ಕೆ ಅದೇ ಸರಿ.

ಹಲ್ಮಿಡಿ_ಕಲ್ಲು:
ನಂದೊಂದು ಹಳೇ ಗೋಳು. ಹೊಸ ಪುಸ್ತಕ ಬರ್ಲಿ ಸಂತೋಷ, ಆದ್ರೆ ಈ ಜಿಲ್ಲೆದೇ ಪುಸ್ತಕ ಒಂದು ಕಡೆ ಸಿಗಬೇಕಲ್ವಾ. ಕನ್ನಡದ ಅತ್ಯಂತ ಹಳೇ ಶಾಸನಗಳಲ್ಲಿ ಒಂದು ಸಿಕ್ಕಿದ್ದು ನಮ್ಮ ಬೇಲೂರು ತಾಲೂಕಿನ ಹಲ್ಮಿಡಿಲಿ, ಸುಮಾರು ಕ್ರಿ.ಶ. 450ರದ್ದು ಅಂತಾರೆ. ಬಿ.ಎಲ್. ರೈಸ್ ಅವರು ಆಗ ಸಿಕ್ಕಿದ್ದ ಹಾಸನ ಜಿಲ್ಲೆ ಶಾಸನಗಳನ್ನ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನ ಸಂಗ್ರಹದ 5ನೇ ಸಂಪುಟದಲ್ಲಿ 1902ರಲ್ಲೇ ಹಾಕಿದಾರೆ, ನಮ್ಮೂರ ವೀರಗಲ್ಲಲ್ಲಿ ಏನಿದೆ ಅಂತ ನೋಡೋಕೆ ಒಬ್ಬ ಹುಡುಗ ಮೈಸೂರಿಗೆ ಹೋಗ್ಬೇಕಾ? ಗೊರೂರು ರಾಮಸ್ವಾಮಿ ಅಯ್ಯಂಗಾರ್ ನಮ್ಮ ಜಿಲ್ಲೆಯೋರು, ಭೈರಪ್ಪನೋರು ಚನ್ನರಾಯಪಟ್ಟಣದ ಸಂತೇಶಿವರದೋರು, ಬಾನು ಮುಷ್ತಾಕ್ ಇಲ್ಲೇ ಹಾಸನದೋರು. ಹೊಸಬರು ಎಷ್ಟು ಜನ ಬರೀತಿದಾರೆ. ಇದನ್ನೆಲ್ಲಾ ಒಂದು ಕಪಾಟಲ್ಲಿ, ಹಾಸನ ಜಿಲ್ಲೆ ಅಂತ ಬರೆದು, ಬೀಗ ಹಾಕದೇ ಇಟ್ರೆ ಎಷ್ಟು ಚೆನ್ನಾಗಿರುತ್ತೆ.

ಎರಡ್ಮಕ್ಳಮ್ಮ:
2025ರ ಮೇನಲ್ಲಿ ಬಾನು ಮುಷ್ತಾಕ್ ಅವ್ರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ಬೆಂಗಳೂರಿನ ನಮ್ಮ ಅಕ್ಕ ಫೋನ್ ಮಾಡಿ ನಿಮ್ಮೂರೋರ ಕಥೆ ಕನ್ನಡದಲ್ಲೇ ಓದ್ಬೇಕು ಕಳಿಸು ಅಂದ್ಲು, ನಾನು ಅಂಗಡಿ ಅಂಗಡಿ ಅಲೆದೆ. ಇಂಗ್ಲಿಷ್ ಅನುವಾದ ಎಲ್ಲಾ ಕಡೆ ಇತ್ತು, ಕನ್ನಡದ್ದು ಬನ್ನಿ ತರಿಸ್ಕೊಡ್ತೀವಿ ಅಂದ್ರು. ಕನ್ನಡಕ್ಕೆ ಮೊದಲ್ನೇ ಸಲ ಬಂದಿದ್ದು ಆ ಪ್ರಶಸ್ತಿ, ವಕೀಲಿಕೆ ಮಾಡ್ಕೊಂಡು ನಗರಸಭೆ ಮೆಂಬರ್ ಆಗಿ ಇದೇ ಊರಲ್ಲಿ ಇದ್ದು ಬರೆದೋರು. ನಮ್ಮ ಶಾಖೆಗೆ ಒಂದು ಕಾಪಿ ಅಲ್ಲ ಐದು ಕಾಪಿ ಬೇಕು.

ಎಫ್‌ಡಿಎ_ಆಸೆ:
ಎಲ್ಲಾ ಸರಿ, ಆದ್ರೆ ಒಂದು ಮಾತು ಬೇಜಾರ್ ಮಾಡ್ಕೊಬೇಡಿ. ಲೈಬ್ರರಿಲಿ ಬೆಳಿಗ್ಗೆಯಿಂದ ಸಂಜೆ ತನಕ ಇರೋರು ನಾವು. ರೂಮಿಗೆ ಬಾಡಿಗೆ ಕೊಟ್ಟು ಕೋಚಿಂಗ್‌ಗೆ ದುಡ್ಡು ಕೊಟ್ಟು ಪುಸ್ತಕಕ್ಕೆ ಮಿಗಲ್ಲ. ನಮ್ಮನ್ನ ಕಂಡ್ರೆ ಸಾಹಿತ್ಯದೋರಿಗೆ ಆಗಲ್ಲ, ಇವ್ರು ಮನೆಯಿಂದ ಗೈಡ್ ತಂದು ಜಾಗ ಹಿಡ್ಕೊಂಡು ಕೂರ್ತಾರೆ ಲೈಬ್ರರಿ ಪುಸ್ತಕ ಮುಟ್ಟಲ್ಲ ಅಂತಾರೆ. ಮುಟ್ಟೋ ಪುಸ್ತಕ ಇಟ್ರೆ ಮುಟ್ತೀವಿ. ಕರೆಂಟ್ ಅಫೇರ್ಸ್ ಮೂರು ವರ್ಷದ ಹಿಂದಿಂದು ಇಟ್ರೆ ಅದು ಇತಿಹಾಸ ಪೇಪರ್‌ಗೂ ಬರಲ್ಲ

ಪೆನ್ಷನ್_ಮೊಹಲ್ಲಾ:
ಮುದುಕರಿಗೆ ಪೇಪರ್ ಓದಕ್ಕೂ ಕುರ್ಚಿ ಸಿಗಲ್ಲ ಗುರು ನಿಮ್ಮಿಂದ, ಬ್ಯಾಗ್ ಇಟ್ಟು ಟೀ ಕುಡಿಯೋಕೆ ಹೋಗಿರ್ತೀರ

ಎಫ್‌ಡಿಎ_ಆಸೆ:
ಬ್ಯಾಗ್ ಎತ್ತಿ ಕೂತ್ಕೊಳಿ ತಾತ ಯಾರು ಬೇಡ ಅಂದ್ರು

ರಿಟೈರ್ಡ್_ಗ್ರಂಥಪಾಲಕ:
ಜಗಳ ಬೇಡಿ. ಹುಡುಗ ಹೇಳೋದ್ರಲ್ಲಿ ನ್ಯಾಯ ಇದೆ. ವರ್ಷಕ್ಕೆ ಹಳಸೋ ಪುಸ್ತಕನ ಮೂರು ನಾಲ್ಕು ವರ್ಷ ಹಿಡಿಯೋ ದಾರಿಲಿ ತರಿಸಕ್ಕಾಗಲ್ಲ, ಅದನ್ನ ಸ್ಥಳೀಯ ಅನುದಾನದಲ್ಲಿ ಆ ವರ್ಷವೇ ಖರೀದಿ ಮಾಡ್ಬೇಕು. ಕಾದಂಬರಿ ತಡವಾಗಿ ಬಂದ್ರೂ ಹಳಸಲ್ಲ. ಇವೆರಡನ್ನ ಒಂದೇ ತಕ್ಕಡಿಗೆ ಹಾಕಿ ಜಗಳ ಆಡೋದು ತಪ್ಪು. ಈಗ ಕೆಲಸಕ್ಕೆ ಬರೋ ಮಾತು ಹೇಳ್ತೀನಿ. ಪ್ರತಿ ಲೈಬ್ರರಿಲೂ ಸಲಹಾ ಪುಸ್ತಕ ಅಂತ ಇರ್ಬೇಕು, ಕೇಳಿ. ಅದರಲ್ಲಿ ಒಳ್ಳೊಳ್ಳೆ ಪುಸ್ತಕ ತರಿಸಿ ಅಂತ ಬರೆದ್ರೆ ಪ್ರಯೋಜನ ಇಲ್ಲ. ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು, ಇಸವಿ, ಬೆಲೆ ಬರೆದು ನಿಮ್ಮ ಸದಸ್ಯತ್ವದ ನಂಬರ್ ಹಾಕಿ. ಖರೀದಿ ಪಟ್ಟಿ ಮಾಡೋ ಟೈಮ್‌ನಲ್ಲಿ ಮೇಲಿನೋರು ಏನ್ ಬೇಕು ನಿಮಗೆ ಅಂತ ಕೇಳ್ತಾರೆ, ಆಗ ಕೈಲಿ ಪಟ್ಟಿ ಇದ್ರೆ ಗ್ರಂಥಪಾಲಕನಿಗೆ ಬಲ. ನನ್ನ ಕಾಲದಲ್ಲಿ ಆ ಪುಸ್ತಕ ಖಾಲಿ ಇರ್ತಿತ್ತು. ಫ್ಯಾನ್ ರಿಪೇರಿ ಮಾಡಿಸಿ ಅಂತ ಮಾತ್ರ ಬರೀತಿದ್ರು.

ಕಟ್ಟಿನಕೆರೆ_ಮಾರ್ಕೆಟ್:
ಆನ್‌ಲೈನ್‌ನಲ್ಲಿ ಓದಬಹುದಂತಲ್ಲ, ಸರ್ಕಾರದ್ದೇ ಆ್ಯಪ್ ಇದೆ ಅಂದ್ರು ಯಾರೋ

ಅರಿವು_ಕೇಂದ್ರದ_ಅಕ್ಕ:
ಇದೆ ಅಣ್ಣ, ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಅಂತ 2020ರ ಫೆಬ್ರವರಿಲಿ ಶುರುವಾಗಿದ್ದು, ಫ್ರೀ. ಪರೀಕ್ಷೆಗೆ ಓದೋರಿಗೆ ಒಂದಷ್ಟು ಸಿಗುತ್ತೆ. ಮಕ್ಕಳ ಕಥೆಗೆ ಪ್ರಥಮ್ ಬುಕ್ಸ್‌ನೋರ ಸ್ಟೋರಿವೀವರ್ ವೆಬ್‌ಸೈಟ್ ನೋಡಿ, ಕನ್ನಡದ್ದು ಬೇಕಾದಷ್ಟಿದೆ, ಡೌನ್‌ಲೋಡ್ ಮಾಡಿ ಪ್ರಿಂಟ್ ಹಾಕ್ಕೊಬಹುದು, ನಾನೂ ಹಂಗೇ ಮಾಡೋದು. ಆದ್ರೆ ಮಕ್ಳ ಕೈಗೆ ಮೊಬೈಲ್ ಕೊಟ್ಟು ಕಥೆ ಓದು ಅಂದ್ರೆ ಅವು ಕಥೆ ಓದ್ತಾವಾ ನೀವೇ ಹೇಳಿ.

ಹಾಸನದ_ಹಳಬ:
ಅಪ್‌ಡೇಟ್. ಇವತ್ತು ಹೋಗಿದ್ದೆ. ಕೌಂಟರ್‌ನೋರಿಗೆ ಇಲ್ಲಿ ಬಂದ ಮಾತೆಲ್ಲಾ ಹೇಳ್ದೆ, ಬೈಗುಳ ಬಿಟ್ಟು. ಪಾಪ ಒಬ್ರೇ ಕೂತು ನಂಬರ್ ಹಾಕ್ತಿದ್ರು, ನಾನೂ ಲೇಬಲ್ ಅಂಟಿಸ್ಕೊಟ್ಟೆ. ಪೇಪರ್ ಓದೋ ಟೇಬಲ್ ಪಕ್ಕ ಹೊಸ ಪುಸ್ತಕ ಅಂತ ಒಂದು ಟೇಬಲ್ ಹಾಕಕ್ಕೆ ಒಪ್ಪಿದಾರೆ, ಬೀಗ ಇಲ್ಲ. ಸಲಹಾ ಪುಸ್ತಕ ಕೇಳಿದ್ರೆ ಹುಡುಕಿ ಧೂಳು ಹೊಡೆದು ಕೊಟ್ರು. ಬಾನು ಮುಷ್ತಾಕ್ ಪುಸ್ತಕ ಐದು ಕಾಪಿ ವಿಷ್ಯ, ಎಪಿಗ್ರಾಫಿಯಾ 5ನೇ ಸಂಪುಟ, ಬಣ್ಣದ ಮಕ್ಕಳ ಪುಸ್ತಕ ಇಷ್ಟು ಬರೆದಿದೀನಿ. ಎಫ್‌ಡಿಎ ತಮ್ಮಾ ನಿನಗೆ ಬೇಕಾಗಿರೋದರ ಹೆಸರು ಪ್ರಕಾಶಕರು ಸಮೇತ ನೀನೇ ಬಂದು ಬರಿ, ನನಗೆ ಅವು ಗೊತ್ತಾಗಲ್ಲ. ಸೋಮವಾರ ರಜೆ, ಮಂಗಳವಾರ ಹೋಗಿ. ಎರಡನೇ ಮಂಗಳವಾರ ಆದ್ರೆ ಅದೂ ರಜೆ, ಕ್ಯಾಲೆಂಡರ್ ನೋಡ್ಕೊಳಿ. ಮತ್ತೆ ಆ ಕಾಫಿ ಮೆಣಸು ಪುಸ್ತಕ ನಂಬರ್ ಬಿದ್ದ ದಿನವೇ ಯಾರೋ ತಗೊಂಡು ಹೋಗಿದಾರೆ, ಸಕಲೇಶಪುರದೋರೇ ನೀವೇನಾ?

ಸಕಲೇಶಪುರ_ಮಳೆ:
ನಾನಲ್ಲ ಸ್ವಾಮಿ, ನನ್ನ ಕಾರ್ಡು ನಮ್ಮೂರಿಂದು. ತಗೊಂಡೋರು ಇಲ್ಲಿದ್ರೆ ಹೇಳಿ, ಮೆಣಸಿನ ಸೊರಗು ರೋಗದ ಬಗ್ಗೆ ಅದರಲ್ಲಿ ಏನಾದ್ರೂ ಇದ್ಯಾ?

ಪೆನ್ಷನ್_ಮೊಹಲ್ಲಾ:
ನಾನೇ ತಗೊಂಡಿದ್ದು. ತೋಟ ಇಲ್ಲ, ಅಳಿಯಂದು ಇದೆ. ಸೊರಗು ರೋಗದ್ದು ಒಂದು ಅಧ್ಯಾಯನೇ ಇದೆ, ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಸೇರಿಸಿದ್ದು) ಮಾಡೋದೂ ಬರೆದವ್ರೆ. ಓದಿ ವಾಪಸ್ ಕೊಡೋ ದಿನ ಇಲ್ಲಿ ಹಾಕ್ತೀನಿ